ಪಾಠ ಯಾವಾಗ ಶುರು ಮಾಡ್ತೀರಿ?

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹಾಗೆ ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಬಳೇಪೇಟೆಯ ಸಗಟು ಅಂಗಡಿಯೊಂದರಲ್ಲಿ ಗಾಜಿನ ಬಳೆ ಪ್ಯಾಕ್ ಮಾಡುತ್ತಾರೆ. ಅಮ್ಮ ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಗಣಿತದಲ್ಲಿ ಬಿಎಸ್ಸಿ ಮುಗಿಸಿ ಎಂಎಸ್ಸಿ ಮಾಡುವವರೆಗೂ ನಾನು ಓದುತ್ತಿರುವುದು ಏನು ಅಂತ ಇಬ್ಬರಿಗೂ ಗೊತ್ತಿತ್ತು. ಆಮೇಲೆ ಗಣಿತ ಶಿಕ್ಷಣದಲ್ಲಿ ಪಿಎಚ್‌ಡಿಗೆ ಸೇರಿದೆ. ಗೋಜಲು ಶುರುವಾಗಿದ್ದು ಅಲ್ಲಿಂದ.

“ಲೆಕ್ಕಾನೇ ಓದ್ತಿದೀಯೋ, ಟೀಚರ್ ಟ್ರೈನಿಂಗೋ?” ಅಂತ ಅಪ್ಪ ಕೇಳಿದರು.

“ಎರಡೂ ಅಲ್ಲಪ್ಪ. ಮಕ್ಕಳು ಲೆಕ್ಕ ಮಾಡುವಾಗ ಹೆಂಗೆ ಯೋಚ್ನೆ ಮಾಡ್ತಾರೆ ಅಂತ.”

“ಅದು ಗೊತ್ತಾದ್ರೆ ಪರ್ಮನೆಂಟ್ ಕೆಲ್ಸ ಸಿಗುತ್ತಾ?”

ಸಿಗುತ್ತೆ ಅಂದೆ. ಆಗ ನಾನು ಹಾಗೇ ನಂಬಿದ್ದೆ.

ನನ್ನ ಕೆಲಸ ನಡೆದದ್ದು ಮನೆಯ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ. ಐದನೇ ಕ್ಲಾಸಿನ ಮಕ್ಕಳನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಭಿನ್ನರಾಶಿಯ ಪ್ರಶ್ನೆ ಕೇಳಬೇಕು, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಬೇಕು. ಗೈಡ್ ಮೇಡಂ ಒಂದೇ ಒಂದು ಕಟ್ಟುಪಾಡು ಹಾಕಿದ್ದರು. ಉತ್ತರ ಸರಿಯೋ ತಪ್ಪೋ ಬಾಯಲ್ಲಿ ಹೇಳಕೂಡದು, ಮುಖದಲ್ಲೂ ತೋರಿಸಕೂಡದು. ಯಾಕೆ ಅಂತ ಮಾತ್ರ ಕೇಳಬೇಕು, ಕೇಳಿ ಸುಮ್ಮನಿರಬೇಕು.

ಮೊದಲ ದಿನ ಎರಡು ಜಡೆಯ ಹುಡುಗಿಯೊಬ್ಬಳು ಬಂದು ಕೂತಳು. ಒಂದು ರೊಟ್ಟಿಯನ್ನು ಮೂರು ಜನರಿಗೆ ಹಂಚಿದರೆ ಸಿಗುವ ಪಾಲು ದೊಡ್ಡದೋ, ನಾಲ್ಕು ಜನರಿಗೆ ಹಂಚಿದರೆ ಸಿಗುವುದೋ ಅಂತ ಕೇಳಿದೆ.

“ಮೂರು ಜನಕ್ಕೆ ಹಂಚಿದ್ದು ಮಿಸ್.”

“ಯಾಕೆ?”

“ಇಲ್ಲ ಇಲ್ಲ ಮಿಸ್, ನಾಲ್ಕು.”

ಒಂದೇ ಉಸಿರಿನಲ್ಲಿ ಬದಲಾಯಿಸಿಬಿಟ್ಟಳು. ರೆಕಾರ್ಡಿಂಗ್ ಕೇಳಿದ ಗೈಡ್ ಮೇಡಂ ನಕ್ಕರು. “ಕ್ಲಾಸಲ್ಲಿ ಯಾಕೆ ಅಂತ ಕೇಳೋದು ತಪ್ಪು ಹೇಳಿದಾಗ ಮಾತ್ರ ಅಲ್ವೇನಮ್ಮ? ಅವಳಿಗದು ಚೆನ್ನಾಗಿ ಗೊತ್ತು. ಸರಿ ಹೇಳಿದ್ರೂ ಕೇಳು, ತಪ್ಪು ಹೇಳಿದ್ರೂ ಕೇಳು. ಹೆದರಿಕೆ ಹೋಗೋವರೆಗೂ ಕೇಳ್ತಾನೇ ಇರು.” ಆ ಹೆದರಿಕೆ ಹೋಗಲು ವಾರಗಳೇ ಬೇಕಾದವು. ಕೊನೆಗೆ ಅದೇ ನನ್ನ ಥೀಸಿಸ್ಸಿನ ಒಂದು ಅಧ್ಯಾಯವಾಯಿತು.

ಆ ಅಭ್ಯಾಸ ಮೈಗೆ ಅಂಟಿಕೊಳ್ಳುತ್ತದೆ. ಅಮ್ಮ “ಉಪ್ಪು ಸರಿಯಾಗಿದೆಯೇನೇ?” ಅಂದರೆ “ನಿನಗೇನನ್ಸುತ್ತೆ?” ಅನ್ನುತ್ತಿದ್ದೆ. “ಊಟ ಮಾಡೋಳು ನೀನು, ನನ್ನ ಕೇಳ್ತೀಯಾ?” ಅಂತ ಬೈಸಿಕೊಳ್ಳುತ್ತಿದ್ದೆ.

ಥೀಸಿಸ್ ಸಲ್ಲಿಸಿದ ಮೇಲೆ ಕೆಲಸ ಹುಡುಕಲು ಹೊರಟೆ. ಮಲ್ಲೇಶ್ವರದ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ನಿಮಗೆ ಬಿ.ಎಡ್. ಇಲ್ಲವಲ್ಲ ಅಂದರು. ಇನ್ನೊಂದು ಕಾಲೇಜಿನ ಗಣಿತ ವಿಭಾಗದಲ್ಲಿ ಎಂಎಸ್ಸಿ ಸರಿ, ಆದರೆ ಪಿಎಚ್‌ಡಿ ಗಣಿತದ್ದಲ್ಲವಲ್ಲ ಅಂದರು. ಇಬ್ಬರೂ ಮರ್ಯಾದೆಯಿಂದಲೇ ಮಾತಾಡಿದರು. ಇಬ್ಬರ ಮಾತೂ ಅವರವರ ನಿಯಮದ ಪ್ರಕಾರ ಸರಿಯಾಗಿತ್ತು. ಫೆಲೋಶಿಪ್ ಆಗಲೇ ನಿಂತಿತ್ತು.

ನನ್ನ ಜೊತೆಯಲ್ಲೇ ಪಿಎಚ್‌ಡಿ ಮಾಡಿದ ಗೆಳತಿ ಅಷ್ಟರಲ್ಲಿ ಮಕ್ಕಳಿಗೆ ಮೊಬೈಲಿನಲ್ಲಿ ಲೆಕ್ಕ ಕಲಿಸುವ ಆ್ಯಪ್ ಕಂಪನಿಗೆ ಸೇರಿದ್ದಳು. ಗಾಂಧಿಬಜಾರಿನ ದರ್ಶಿನಿಯೊಂದರಲ್ಲಿ ಬೈ-ಟು ಕಾಫಿ ಹಿಡಿದು ನಿಂತಿದ್ದಾಗ ನನ್ನನ್ನೂ ಕರೆದಳು.

“ಬಂದ್ಬಿಡೇ. ಪರ್ಮನೆಂಟು, ಒಳ್ಳೆ ಸಂಬಳ. ಪ್ರಶ್ನೆ ಬರ್ಕೊಟ್ರೆ ಸಾಕು. ಮಗು ಸರಿ ಉತ್ತರ ಒತ್ತಿದ್ರೆ ಪಟಾಕಿ ಹಾರುತ್ತೆ. ತಪ್ಪು ಒತ್ತಿದ್ರೆ ಒಂದು ಕರಡಿ ಅಳುತ್ತೆ.”

“ಯಾಕೆ ಅಂತ ಯಾರು ಕೇಳ್ತಾರೆ?”

“ಕರಡಿ ಕೇಳಲ್ಲ ಕಣೇ. ಕೇಳಿದ್ರೆ ಮಗು ಆಫ್ ಮಾಡಿ ಎದ್ದು ಹೋಗುತ್ತೆ.” ಅವಳೇ ನಕ್ಕಳು. “ನನ್ನ ಥೀಸಿಸ್ ನೆನಪು ಮಾಡಬೇಡ, ಕಾಫಿ ಕುಡಿ.”

ಬಸವನಗುಡಿಯ ಹಳೆಯ ಕಾಲೇಜೊಂದರಿಂದ ಸಂದರ್ಶನಕ್ಕೆ ಕರೆ ಬಂದದ್ದು ಅದೇ ವಾರ. ಗಣಿತ ವಿಭಾಗದಲ್ಲಿ ಒಂದು ಕಾಯಂ ಹುದ್ದೆ. ನನ್ನ ಪಿಎಚ್‌ಡಿ ಬಗ್ಗೆ ಅವರು ತಕರಾರು ತೆಗೆಯಲಿಲ್ಲ. ಹತ್ತು ನಿಮಿಷದ ಡೆಮೊ ಕ್ಲಾಸ್ ಮಾಡಿ, ನೋಡೋಣ ಅಂದರು. ಮೊದಲ ವರ್ಷದ ಬಿಎಸ್ಸಿ ಮಕ್ಕಳು ಬೆಂಚಿನಲ್ಲಿ, ವಿಭಾಗದ ಮುಖ್ಯಸ್ಥರು ಮತ್ತು ಆಡಳಿತ ಮಂಡಳಿಯವರು ಹಿಂದೆ ಕುರ್ಚಿಯಲ್ಲಿ.

ಬೋರ್ಡಿನ ಮೇಲೆ ಸೊನ್ನೆ, ಒಂದು ಚುಕ್ಕಿ, ಮುಂದೆ ಒಂಬತ್ತರ ಸಾಲು ಬರೆದೆ. ಈ ಒಂಬತ್ತುಗಳು ಮುಗಿಯುವುದೇ ಇಲ್ಲ. ಹಾಗಾದರೆ ಈ ಸಂಖ್ಯೆ ಒಂದಕ್ಕೆ ಸಮವೋ, ಒಂದಕ್ಕಿಂತ ಕಡಿಮೆಯೋ? ಮುಂದಿನ ಬೆಂಚಿನ ಕನ್ನಡಕದ ಹುಡುಗನೊಬ್ಬ ಎದ್ದು ನಿಂತ.

“ಸಮ, ಮೇಡಂ.”

ಉತ್ತರ ಸರಿಯಾಗಿತ್ತು. “ಯಾಕೆ?” ಅಂದೆ.

“ಸಾರಿ ಮೇಡಂ, ಕಡಿಮೆ.” ಕೂತೇಬಿಟ್ಟ. ಕ್ಲಾಸು ನಕ್ಕಿತು.

ಹೀಗೇ ಆಗುತ್ತದೆ ಅಂತ ಒಂದು ಅಧ್ಯಾಯ ಬರೆದವಳು ನಾನು. ಹೆದರಿಕೆ ಹೋಗಲು ವಾರಗಳು ಬೇಕು ಅಂತ ಅದರಲ್ಲೇ ಬರೆದಿದ್ದೆ. ಇಲ್ಲಿ ಇದ್ದದ್ದು ಹತ್ತು ನಿಮಿಷ. ನೀನು ಹೇಳಿದ್ದು ಸರಿ ಕಣಪ್ಪಾ ಅಂದು, ಬೋರ್ಡಿನ ಮೇಲೆ ಸಾಧಿಸಿ ತೋರಿಸಿದ್ದರೆ ಮುಗಿಯುತ್ತಿತ್ತು. ನಾಲಿಗೆ ಏಳಲಿಲ್ಲ. “ಕಡಿಮೆ ಅಂದ್ರೆ ಎಷ್ಟು ಕಡಿಮೆ?” ಅಂತ ಕೇಳಿ ಸುಮ್ಮನೆ ನಿಂತೆ. ಯಾರೋ ಕೆಮ್ಮಿದರು. ಫ್ಯಾನು ತಿರುಗುತ್ತಿತ್ತು. ಮಕ್ಕಳು ಪಕ್ಕದವರ ಮುಖ ನೋಡಿದರು. ಮುಖ್ಯಸ್ಥರು ವಾಚು ನೋಡಿದರು.

ಸಮಯ ಮುಗಿದ ಮೇಲೆ ಅವರು ಬಹಳ ಮೃದುವಾಗಿ ಹೇಳಿದರು, “ನೀವು ಪಾಠ ಯಾವಾಗ ಶುರು ಮಾಡ್ತೀರಿ ಅಂತ ಕಾಯ್ತಾ ಇದ್ವಿ, ಮೇಡಂ.”

ಹುದ್ದೆ ಇನ್ನೊಬ್ಬರಿಗೆ ಹೋಯಿತು. ಅತಿಥಿ ಉಪನ್ಯಾಸಕಿಯಾಗಿ ಬೇಕಾದರೆ ಬನ್ನಿ, ಒಂದು ವರ್ಷದ ಮಟ್ಟಿಗೆ, ಅಂದರು. ಯೋಚಿಸಿ ಹೇಳುತ್ತೇನೆ ಅಂತ ಹೊರಗೆ ಬಂದೆ. ಮೆಟ್ಟಿಲಿನ ಹತ್ತಿರ ಆ ಕನ್ನಡಕದ ಹುಡುಗ ನಿಂತಿದ್ದ.

“ಮೇಡಂ, ನಾನ್ ಮೊದ್ಲು ಹೇಳಿದ್ದೇ ಸರಿ ತಾನೆ?”

“ಎಷ್ಟು ಕಡಿಮೆ ಅಂತ ಹುಡುಕಿ ನೋಡಿ.”

“ಹುಡುಕ್ತೀನಿ. ಆದ್ರೆ ಯಾರಿಗ್ ಹೇಳ್ಲಿ? ನೀವು ಬರ್ತೀರಾ?”

ಯೋಚಿಸಿ ಹೇಳುತ್ತೇನೆ ಅಂತ ಅವನಿಗೂ ಅಂದು ಮೆಟ್ಟಿಲಿಳಿದೆ.

ರಾತ್ರಿ ಊಟಕ್ಕೆ ಕೂತಾಗ ನಡೆದದ್ದನ್ನೆಲ್ಲ ಹೇಳಿದೆ. ಅಪ್ಪ ತುತ್ತು ಕೈಯಲ್ಲಿ ಹಿಡಿದೇ ಕೇಳಿದರು.

“ಸರಿಯಾಗಿ ಹೇಳಿದ ಹುಡುಗನಿಗೆ ಸರಿ ಅಂತ ಒಂದು ಮಾತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಅಂದಿದ್ರೆ ಅವನು ಅಲ್ಲಿಗೇ ಬಿಟ್ಬಿಡ್ತಿದ್ದ ಅಪ್ಪ.”

“ನಿನಗೆ ಕೆಲ್ಸ ಸಿಕ್ತಿತ್ತು.”

ಅದೂ ನಿಜ. ಅಪ್ಪನನ್ನು ಹೋದ ವರ್ಷವಷ್ಟೇ ಅಂಗಡಿಯವರು ದಿನಗೂಲಿಗೆ ಇಳಿಸಿದ್ದರು. ಪರ್ಮನೆಂಟ್ ಅನ್ನುವ ಮಾತು ಅವರ ಬಾಯಲ್ಲಿ ಬರಿಯ ಮಾತಲ್ಲ ಅಂತ ನನಗೆ ಗೊತ್ತಿತ್ತು. ಎರಡು ದಿನ ಗೆಳತಿಯ ಕರಡಿ ಕಂಪನಿಯ ಬಗ್ಗೆಯೂ ಯೋಚಿಸಿದೆ. ಯೋಚಿಸಿದಾಗಲೆಲ್ಲ ಮೆಟ್ಟಿಲಿನ ಹುಡುಗ ಅಡ್ಡ ಬರುತ್ತಿದ್ದ. ಅವನು ಹುಡುಕಿದ್ದು ಏನು ಅಂತ ನನಗೆ ತಿಳಿಯಬೇಕಿತ್ತು. ಮೂರನೇ ದಿನ ಕಾಲೇಜಿಗೆ ಫೋನ್ ಮಾಡಿ ಬರುತ್ತೇನೆ ಅಂದೆ. ಅಪ್ಪ “ನಮ್ಮ ಹುಡುಗಿ ಕಾಲೇಜಲ್ಲಿ ಲೆಕ್ಚರರ್” ಅಂತ ಅಂಗಡಿಯಲ್ಲಿ ಹೇಳಿಕೊಂಡಿದ್ದು ಆಮೇಲೆ ತಿಳಿಯಿತು. ಅತಿಥಿ ಅನ್ನುವುದನ್ನು ಬಿಟ್ಟೇ ಹೇಳಿದ್ದರು.

ಕ್ಲಾಸಿಗೆ ಹೋದ ಮೊದಲ ದಿನವೇ, ಹುಡುಕಿದ್ರಾ ಅಂತ ಆ ಹುಡುಗನನ್ನು ಕೇಳಿದೆ. “ಒಂಬತ್ತರ ಸಾಲಿನ ಪಾಠ ಬರ್ಲಿ ಮೇಡಂ, ಎಲ್ಲರ ಮುಂದೆ ಹೇಳ್ತೀನಿ” ಅಂದ. ಆ ಪಾಠ ಬರುವ ಹೊತ್ತಿಗೆ ನನ್ನ ಚಾಳಿ ಹೆಚ್ಚಿನವರಿಗೆ ರೂಢಿಯಾಗಿತ್ತು. ನಾನು ಮತ್ತೆ ಒಂಬತ್ತರ ಸಾಲು ಬರೆದೆ. ಅವನು ಎದ್ದ.

“ಎಷ್ಟು ಕಡಿಮೆ ಅಂತ ಹುಡುಕ್ದೆ ಮೇಡಂ. ಏನೂ ಸಿಗ್ಲಿಲ್ಲ. ಅದಕ್ಕೇ ಸಮ.”

“ನಿಮಗೆ ಸಿಗ್ಲಿಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತ ಹೆಂಗೆ ಹೇಳ್ತೀರಿ?”

ಅವನ ಮುಖ ಇಳಿಯಿತು. “ಸಾರಿ ಮೇಡಂ, ಹಂಗಾದ್ರೆ...” ಅಂತ ಅರ್ಧ ಕೂತ.

“ಏಯ್, ಕೂತ್ಕೋಬೇಡ ಕಣೋ ಮಗಾ,” ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಕೂಗಿದಳು. “ಅವರು ಎಲ್ಲಾರ್ಗೂ ಹಂಗೇ ಕೇಳೋದು. ಸರಿ ಇದ್ರೂ ಬಿಡಲ್ಲ.”

ಅವನು ಕೂರಲಿಲ್ಲ. ಬೋರ್ಡಿನ ಒಂಬತ್ತುಗಳ ಕಡೆ ಬೆರಳು ತೋರಿಸಿದ. “ನೀವು ಎಷ್ಟೇ ಸಣ್ಣ ಗ್ಯಾಪ್ ಹೇಳಿ ಮೇಡಂ, ನಾನು ಇನ್ನೊಂದಷ್ಟು ಒಂಬತ್ತು ಹಾಕಿ ಅದನ್ನ ದಾಟ್ತೀನಿ,” ಅಂದ. “ತೋರಿಸ್ಲಾ?”

ಸೀಮೆಸುಣ್ಣಕ್ಕೆ ಕೈ ಚಾಚಿದ. ಕೊಟ್ಟು, ಹಿಂದಿನ ಬೆಂಚಿಗೆ ಹೋಗಿ ಕೂತೆ.