ಕಡ್ಡಿಗೆ ಸಿಕ್ಕದ ಕಾರ್ಡು

ದೆವ್ವ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ತೀರ್ಥಹಳ್ಳಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನಿಗೆ ಅಷ್ಟು ಬಿಗುಮಾನ ಇರಬೇಕಲ್ಲ. ಎಂಬತ್ತರ ದಶಕದ ಒಂದು ಮಧ್ಯಾಹ್ನ ನಡೆದದ್ದನ್ನು ಈಗ ಹೇಳುತ್ತಿದ್ದೇನೆ. ನೀವು ನಕ್ಕರೂ ಬೇಸರವಿಲ್ಲ.

ಆಗ ನಾವು ಕೆಲವರು ಸೇರಿ ಸಾಗರ, ಹೊಸನಗರ, ತೀರ್ಥಹಳ್ಳಿಯ ರಕ್ತದಾನಿಗಳಿಗೆ ಒಬ್ಬೊಬ್ಬರಿಗೊಂದು ರಟ್ಟಿನ ಕಾರ್ಡು ಮಾಡಿದ್ದೆವು. ಕಾರ್ಡಿನ ಅಂಚಿಗೆ ಸಾಲಾಗಿ ತೂತುಗಳು. ಓ ಗುಂಪಿಗೊಂದು, ನೆಗೆಟಿವ್‌ಗೊಂದು, ಊರೂರಿಗೊಂದು. ದಾನಿಗೆ ಹೊಂದುವ ತೂತನ್ನು ಮಾತ್ರ ಅಂಚಿನವರೆಗೆ ಕತ್ತರಿಸಿ ಬಿಡಿಸುತ್ತಿದ್ದೆವು. ಕಟ್ಟನ್ನು ಜೋಡಿಸಿ, ಬೇಕಾದ ತೂತುಗಳಿಗೆ ಹಳೆ ಕೊಡೆಯ ಕಡ್ಡಿ ತೂರಿಸಿ ಎತ್ತಿ ಅಲ್ಲಾಡಿಸಿದರೆ, ಎಲ್ಲಕ್ಕೂ ಹೊಂದುವ ಕಾರ್ಡು ಮಾತ್ರ ಕೆಳಗೆ ಬೀಳುತ್ತದೆ. ಒಂದು ತೂತು ಕತ್ತರಿಸದೆ ಉಳಿದಿದ್ದರೂ ಕಡ್ಡಿಗೆ ನೇತಾಡುತ್ತದೆ. ತೂತು ಹಾಕಿಕೊಟ್ಟವನು ಸಾಗರ-ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ತಿಮ್ಮಪ್ಪ, ತನ್ನ ಟಿಕೆಟ್ ಪಂಚಿನಿಂದ. ಅವನ ಕಾರ್ಡಿನಲ್ಲಿ ಮೂರೂ ಊರನ್ನು ಕತ್ತರಿಸಿದ್ದೆ. ದಿನವಿಡೀ ಮೂರೂ ಊರಲ್ಲಿ ಇರುವವನನ್ನು ಎಲ್ಲಿಯವನೆಂದು ಹೇಳುವುದು?

ಆ ದಿನ ನನ್ನ ಅಕ್ಕನಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲಲಿಲ್ಲ. ಸಂಜೆಯೊಳಗೆ ಓ ನೆಗೆಟಿವ್ ಸಿಗದಿದ್ದರೆ ಅವಳು ಉಳಿಯುವುದು ಕಷ್ಟ ಎಂದರು ಡಾಕ್ಟರು. ಊರಲ್ಲಿ ಅಂಥವರು ಯಾರೂ ಇಲ್ಲವೆಂದು ಗೊತ್ತಿದ್ದೂ ಮನೆಗೆ ಓಡಿ ಮೂರು ಕಡ್ಡಿ ತೂರಿಸಿದೆ: ಓ, ನೆಗೆಟಿವ್, ತೀರ್ಥಹಳ್ಳಿ.

ಒಂದು ಕಾರ್ಡು ಬಿತ್ತು. ತಿಮ್ಮಪ್ಪನದು. ಅವನು ಓ ಪಾಸಿಟಿವ್. ತಿರುಗಿಸಿ ನೋಡಿದರೆ ನೆಗೆಟಿವ್ ತೂತನ್ನು ಕತ್ತರಿಸಿಯೇ ಇಲ್ಲ, ದುಂಡಗೆ ಹಾಗೇ ಇದೆ. ಕಡ್ಡಿ ತಪ್ಪಿರಬೇಕೆಂದು ಅದನ್ನು ಕಟ್ಟಿನ ನಡುವೆ ಸೇರಿಸಿ, ಕಣ್ಣಿಟ್ಟು ತೂರಿಸಿ, ಮತ್ತೆ ಅಲ್ಲಾಡಿಸಿದೆ. ಮತ್ತೆ ಅದೇ ಬಿತ್ತು.

ಬೇರೆ ದಾರಿ ಕಾಣದೆ ಬಸ್‌ಸ್ಟ್ಯಾಂಡಿಗೆ ಓಡಿದೆ. ಅವನ ಬಸ್ಸು ಆಗಷ್ಟೇ ಬಂದು ನಿಂತಿತ್ತು.

“ನಂದು ಪಾಸಿಟಿವ್ ಅಲ್ವಾ ಮೇಷ್ಟ್ರೇ? ನೀವೇ ಬರ್ಕೊಂಡಿದ್ರಲ್ಲ,” ಎಂದ ತಿಮ್ಮಪ್ಪ.

“ಗೊತ್ತು ಮಾರಾಯ. ಸುಮ್ನೆ ಬಾ.”

ಆಸ್ಪತ್ರೆಯ ಲ್ಯಾಬಿನವರು ಎರಡೆರಡು ಸಲ ನೋಡಿದರು. “ಯಾರ್ರೀ ಇವ್ರಿಗೆ ಪಾಸಿಟಿವ್ ಅಂದಿದ್ದು? ಇದು ನೆಗೆಟಿವ್,” ಎಂದರು. ಸಂತೋಷದಿಂದ ಕುಣಿಯಬೇಕಿತ್ತು. ನಾನು ಆ ದುಂಡಗಿನ ತೂತನ್ನೇ ನೆನೆಯುತ್ತ ಅಲ್ಲೇ ಬೆಂಚಿನ ಮೇಲೆ ಕೂತೆ. ಅಕ್ಕ ಉಳಿದಳು.

ಅವನ ಮೊದಲ ಪರೀಕ್ಷೆ ತಪ್ಪಾಗಿತ್ತು, ಒಪ್ಪಿದೆ. ಅಂಥ ತಪ್ಪು ಆಗುವುದುಂಟು. ಆದರೆ ಅದು ತಪ್ಪೆಂದು ಒಂದು ತುಂಡು ರಟ್ಟಿಗೆ ಹೇಗೆ ಗೊತ್ತಾಯಿತು? ಆಮೇಲೆ ಎಷ್ಟು ಅಲ್ಲಾಡಿಸಿದರೂ ಆ ಕಾರ್ಡು ಬೀಳಲೇ ಇಲ್ಲ.

“ಆ ತೂತು ಕತ್ರಿಸ್ಬಿಡಿ ಮೇಷ್ಟ್ರೇ, ನಾಳೆ ಇನ್ಯಾರಿಗಾದ್ರೂ ಬೇಕಾದ್ರೆ ಬೀಳ್ಬೇಕಲ್ಲ,” ಎಂದ ತಿಮ್ಮಪ್ಪ. ಅವನಿಗೆ ಹೊಸ ಕಾರ್ಡು ಮಾಡಿ ಅದರಲ್ಲಿ ಕತ್ತರಿಸಿದೆ. ಹಳೆಯದಕ್ಕೆ ಕತ್ತರಿ ಹಾಕುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.