ಎರಡು ತುಂಬದ ಟ್ಯಾನ್ಸಿಗೆ ದೊಡ್ಡವರ ಕಟಿಂಗ್

ನಮ್ಮೂರಿನ ಆರ್ವಿಡ್ ಸ್ಕೋಗನ್ ನಲವತ್ತು ವರ್ಷ ಗುಂಗುರುಗೂದಲಿನ ದೊಡ್ಡ ನಾಯಿಗಳಾದ ಸ್ಟ್ಯಾಂಡರ್ಡ್ ಪೂಡಲ್‌ಗಳನ್ನು ಪಳಗಿಸಿದವನು. ಮಿನೆಸೋಟಾದ ಈ ಮೂಲೆಯಲ್ಲಿ ಬಾತುಕೋಳಿ ಬೇಟೆಗೆ ಎಲ್ಲರೂ ಲ್ಯಾಬ್ರಡಾರ್ ಸಾಕುತ್ತಾರೆ, ಪೂಡಲ್ ಸಾಕುವವನನ್ನು ನೋಡಿ ಕಾಫಿ ಲೋಟದೊಳಗೇ ನಗುತ್ತಾರೆ.

"ಪೂಡಲ್ ಅಂದ್ರೆ ಮುಕ್ಕಾಲು ಪಾಲು ಕೂದಲ್ ಕಣಯ್ಯ" ಎಂದು ನಾನೂ ಛೇಡಿಸಿದ್ದೆ.

"ಉಳಿದ ಕಾಲು ಪಾಲು ಬುದ್ಧಿ. ಅದು ಬರೋಕೆ ಪೂಡಲ್‌ಗೆ ಎರಡು ವರ್ಷ ಬೇಕು. ನಿನಗೆ ಐವತ್ತಾದ್ರೂ ಬಂದಿಲ್ಲ" ಎಂದಿದ್ದ.

ಅದು ಅವನ ಕಟ್ಟಳೆ. ಪೂಡಲ್ ಮರಿ ಒಂದೇ ಬೆಳಗ್ಗೆಯಲ್ಲಿ ಕೂರುವುದನ್ನು ಕಲಿಯುತ್ತದೆ, ವರ್ಷ ತುಂಬುವಷ್ಟರಲ್ಲಿ ಸೊಂಟದೆತ್ತರ ನಿಲ್ಲುತ್ತದೆ. ನೋಡಿದವರು ಮೋಸಹೋಗುತ್ತಾರೆ. "ಕಲಿತಿದೆ, ಬಲಿತಿಲ್ಲ" ಎನ್ನುತ್ತಿದ್ದ ಆರ್ವಿಡ್. ಎರಡು ತುಂಬುವವರೆಗೆ ಯಾವ ಮರಿಗೂ ಮುಖ, ಪಾದ ಬೋಳಿಸಿ ದೊಡ್ಡವರ ಕಟಿಂಗ್ ಮಾಡುತ್ತಿರಲಿಲ್ಲ. ಮರಿಯ ಹಾಗೆ ಕಂಡರೆ ಜನ ಮರಿಯೆಂದು ಕ್ಷಮಿಸುತ್ತಾರಂತೆ. ಎರಡನೇ ಹುಟ್ಟುಹಬ್ಬಕ್ಕೆ ತಾನೇ ಕತ್ತರಿ ಹಿಡಿಯುತ್ತಿದ್ದ. ಹೆಂಡತಿ ಮಾರ್ಲಿಸ್ ಆವತ್ತು ನಿಂಬೆಹಣ್ಣಿನ ಸಿಹಿ ಮಾಡುತ್ತಿದ್ದಳು.

ಈ ಫೆಬ್ರವರಿಯಲ್ಲಿ ಆರ್ವಿಡ್‌ನ ಶ್ವಾಸಕೋಶ ಕೈಕೊಟ್ಟಿತು. ಅವನನ್ನು ಕೊನೆಗಾಲದ ರೋಗಿಗಳ ಆರೈಕೆ ಮನೆಗೆ ಸೇರಿಸಿದರು. ಅವನು ಕೇಳಿದ್ದು ಒಂದೇ: ಕೊನೆಯ ಮರಿ ಟ್ಯಾನ್ಸಿ ಹಾಸಿಗೆಯ ಪಕ್ಕ ಬಂದು ಮಲಗಬೇಕು. ಆದರೆ ರೋಗಿಗಳ ಹತ್ತಿರ ಶಾಂತವಾಗಿರುತ್ತದೆಯೇ ಎಂಬ ಪರೀಕ್ಷೆ ಪಾಸಾದ ನಾಯಿಗೆ ಮಾತ್ರ ಒಳಗೆ ಪ್ರವೇಶ. ಮೇ ತಿಂಗಳ ಪರೀಕ್ಷೆಯ ಹೊತ್ತಿಗೆ ಟ್ಯಾನ್ಸಿಗೆ ಹದಿನಾಲ್ಕು ತಿಂಗಳು. ಡಾಕ್ಟರು ಮಾರ್ಲಿಸ್‌ಗೆ ಹೇಳಿದ ಗಡುವು, ಆರ್ವಿಡ್ ಉಳಿಯುವುದು ಅಕ್ಟೋಬರಿನಲ್ಲಿ ಎಲೆ ಉದುರುವವರೆಗೆ.

ಮಾರ್ಲಿಸ್ ಗಂಡನಿಗೆ ಹೇಳದೆ ಕತ್ತರಿ ಹಿಡಿದಳು. ದೊಡ್ಡ ನಾಯಿಯಂತೆ ಕಂಡರೆ ಪರೀಕ್ಷೆ ಮಾಡುವವರಿಗೆ ನಂಬಿಕೆ ಬಂದೀತೆಂಬ ಆಸೆ. ಕಾರು ಓಡಿಸಿದವನು ನಾನು.

ಪರೀಕ್ಷೆ ನಡೆದ ಟೌನ್ ಹಾಲಿನಲ್ಲಿ, ನಾಯಿ ಬೆಚ್ಚುತ್ತದೋ ನೋಡಲು ಸ್ಟೀಲ್ ತಟ್ಟೆ ಬೀಳಿಸಿದರು. ಟ್ಯಾನ್ಸಿ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಅಪರಿಚಿತರು ತಲೆ ಸವರಿದರು, ಸುಮ್ಮನಿದ್ದಳು. ಮಾರ್ಲಿಸ್ ನನ್ನ ತೋಳು ಹಿಡಿದುಕೊಂಡಳು. ಕೊನೆಗೆ ಗಾಲಿಕುರ್ಚಿ ಬಂತು, ಕೂತವರ ತೊಡೆಯ ಮೇಲೆ ಕುಚ್ಚಿನ ಕಂಬಳಿ. ಟ್ಯಾನ್ಸಿ ಕುಚ್ಚನ್ನು ನೋಡಿದಳು. ಆಮೇಲೆ ಕಂಬಳಿ ಅವಳ ಬಾಯಲ್ಲಿ ಹಾಲ್ ತುಂಬ ಮೂರು ಸುತ್ತು ಓಡಿತು, ಹಿಂದೆ ಮಾರ್ಲಿಸ್, ನಾನು, ಪರೀಕ್ಷಕಿ.

"ಇಷ್ಟು ದೊಡ್ಡ ನಾಯಿ ಹೀಗೆ ಮಾಡೋದಾ?" ಎಂದಳು ಪರೀಕ್ಷಕಿ, ಏದುಸಿರು ಬಿಡುತ್ತ.

"ಹದಿನಾಲ್ಕು ತಿಂಗಳು ಅಷ್ಟೆ" ಎಂದಳು ಮಾರ್ಲಿಸ್.

"ಅಯ್ಯೋ, ಮರಿನಾ? ಕಟಿಂಗ್ ನೋಡಿ ಮೋಸಹೋದೆ. ಪರವಾಗಿಲ್ಲ ಬಿಡಿ, ಒಂದು ವರ್ಷ ಬಿಟ್ಟು ಕರ್ಕೊಂಡು ಬನ್ನಿ."

ಮಾರ್ಲಿಸ್ ಥ್ಯಾಂಕ್ಸ್ ಹೇಳಿದಳು. ನಮ್ಮ ಕಡೆ ಎಂಥದಕ್ಕೂ ಥ್ಯಾಂಕ್ಸ್ ಹೇಳುತ್ತಾರೆ.

ಆರೈಕೆ ಮನೆಯಲ್ಲಿ ಆರ್ವಿಡ್‌ನದು ನೆಲಮಹಡಿಯ ಕೋಣೆ. ನಾನು ಟ್ಯಾನ್ಸಿಯನ್ನು ಹಿಡಿದು ಹೊರಗೆ ಹುಲ್ಲಿನ ಮೇಲೆ ನಿಂತೆ. ಒಳಗೆ ಹೋದ ಮಾರ್ಲಿಸ್ ಕಿಟಕಿಯನ್ನು ಗೇಣಗಲ ತೆರೆದಳು. ಆರ್ವಿಡ್ ಹಾಸಿಗೆಯಿಂದಲೇ ಟ್ಯಾನ್ಸಿಯ ಮುಖ, ಪಾದ ನೋಡಿದ.

"ಯಾರು ಕಟಿಂಗ್ ಮಾಡಿದ್ದು?"

"ನಾನೇ. ಬೈಬೇಡ."

"ಎರಡು ತುಂಬಿಲ್ಲ."

"ಗೊತ್ತು."

"ಮುಖ ಚೆನ್ನಾಗಿ ತೆಗೆದಿದ್ದೀಯ. ಪಾದ ಕೆಡಿಸಿದ್ದೀಯ." ಉಸಿರಿಗಾಗಿ ಮಾತು ನಿಲ್ಲಿಸಿದ. "ಏನಂದ್ರು?"

"ವರ್ಷ ಬಿಟ್ಟು ಬನ್ನಿ ಅಂದ್ರು."

"ಸರಿಯಾಗೇ ಹೇಳಿದ್ದಾರೆ. ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ."

ಅವನು ಸಣ್ಣ ದನಿಯಲ್ಲಿ "ಟ್ಯಾನ್ಸಿ, ಕೂತ್ಕೊ" ಎಂದ. ಅವಳು ತಟ್ಟನೆ ಕೂತಳು. ನಾಲ್ಕು ಎಣಿಸುವಷ್ಟು ಹೊತ್ತು ಕೂತಿದ್ದಳು. ಆಮೇಲೆ ಯಾವುದೋ ಹಕ್ಕಿ ಕಂಡಿತು, ನನ್ನನ್ನು ಹೂವಿನ ಪಾತಿಯೊಳಕ್ಕೆ ಎಳೆದೊಯ್ದಳು.

"ಅವಸರ ಮಾಡಬೇಡ ಮಾರ್ಲಿಸ್" ಎಂಬುದು ಕೇಳಿಸಿತು. "ಕೂದಲು ಮತ್ತೆ ಬೆಳೀಲಿ ಬಿಡು."

"ಬಿಡ್ತೀನಿ" ಎಂದಳು ಮಾರ್ಲಿಸ್.

ನಾನು ಮಂಡಿಯೂರಿ ಟ್ಯಾನ್ಸಿಯ ಬಾಯಿಂದ ಟ್ಯುಲಿಪ್ ಬಿಡಿಸುತ್ತಿದ್ದೆ. ಅವಳು ಬಿಡಲಿಲ್ಲ.