ಹಲ್ಲಿನ ಗುರುತಿದ್ದ ಬೆಳ್ಳಿ ಒಳಲೆ

ಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ನನ್ನ ಚೊಚ್ಚಲ ಮಗನ ನಾಮಕರಣಕ್ಕೆ ಅವ್ವ ಮಳವಳ್ಳಿಯಿಂದ ಮದ್ದೂರಿನ ನನ್ನ ಗಂಡನ ಮನೆಗೆ ಅಂಥದೊಂದು ಬಸ್ಸಿನಲ್ಲಿ ಬಂದಳು. ಬಾಣಂತನ ಅವಳ ಮನೆಯಲ್ಲೇ ಆಗಬೇಕಿತ್ತು. "ಗಂಡ ಸತ್ತೋಳ ಮನೇಲಿ ಬಾಣಂತನವಾ?" ಎಂದು ಅತ್ತೆ ಕಳಿಸಿರಲಿಲ್ಲ.

ತವರಿನವರು ಕೂಸಿಗೆ ಬೆಳ್ಳಿ ಕೊಟ್ಟ ಮೇಲೆಯೇ ನಮ್ಮಲ್ಲಿ ತೊಟ್ಟಿಲು ತೂಗುವುದು. ಅವ್ವ ಸೆರಗಿನ ಗಂಟು ಬಿಚ್ಚಿ, ಹಾಲು ಕುಡಿಸುವ ಒಳಲೆ ತೆಗೆದಳು. ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಳಪು ಬರಿಸಿದ್ದಳು. ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಇತ್ತು. ನೋಡಿದೊಡನೆ ಗುರುತು ಹಿಡಿದೆ. ಅದು ನನ್ನ ತಮ್ಮನದು, ಒಂದೂವರೆ ವರ್ಷಕ್ಕೆ ಜ್ವರದಲ್ಲಿ ಹೋದವನದು. ಸತ್ತ ಕೂಸಿನ ಬೆಳ್ಳಿಯನ್ನು ಕರಗಿಸದೆ ಇನ್ನೊಂದು ಕೂಸಿಗೆ ಕೊಡುವಂತಿಲ್ಲ, ಸಾವು ಅದರ ಜೊತೆಗೇ ಬರುತ್ತದೆ ಎನ್ನುತ್ತಾರೆ. ಕರಗಿಸಲು ಅವ್ವನಿಗೆ ಮನಸ್ಸು ಬಂದಿರಲಿಲ್ಲ. ಬೇರೆ ತರುವ ಶಕ್ತಿ ಇರಲಿಲ್ಲ.

ಅತ್ತೆ ಒಳಲೆಯ ಮೂತಿಯ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳು ನಿಂತಿತು.

"ಏನವ್ವ ಬೀಗ್ತಿ, ಕಚ್ಚಿರೋ ಗುರ್ತು ಐತಲ್ಲ? ಮಾಡಿದ್ ಆಚಾರಿಗೆ ಅಸಿವಾಗಿತ್ತಾ?"

ಹೆಂಗಸರು ನಕ್ಕರು.

"ನನ್ ಮಗಳ್ದೇ ಕಣವ್ವ. ಇವ್ಳೇ ಆಲ್ ಕುಡ್ದಿದ್ದು," ಎಂದಳು ಅವ್ವ, ನನ್ನ ಕಡೆ ನೋಡದೆ.

ಅತ್ತೆ ನನ್ನತ್ತ ತಿರುಗಿದರು. "ಕಾನ್ವೆಂಟ್ನಾಗೆ ಓದ್ದೋಳು ನೀನು, ಸುಳ್ಳೇಳಕಿಲ್ಲ. ನಿಂದೇನಮ್ಮಿ ಇದು?"

ಹೂಂ ಅಂದಿದ್ದರೆ ಸಾಕಿತ್ತು. ಸುಳ್ಳಿಗೆ ಹೆದರಿದೆ, ಸಿಸ್ಟರುಗಳು ಕಲಿಸಿದ್ದೇ ಹಾಗೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜಕ್ಕೂ ಹೆದರಿದ್ದು ಒಳಲೆಗೆ.

"ತಮ್ಮಂದು," ಅಂದೆ.

ಅತ್ತೆ ಅದನ್ನು ಅವ್ವನ ಕೈಗೆ ಕೊಡಲಿಲ್ಲ. ಹೊಸ್ತಿಲಾಚೆ ನೆಲದ ಮೇಲಿಟ್ಟು ಕೈ ತೊಳೆದುಕೊಂಡರು.

"ಸತ್ತೋಗಿರೋ ಕೂಸಿಂದ್ನ ನನ್ ಮೊಮ್ಮಗನ ಬಾಯಿಗಿಡಕ್ ತಂದವ್ಳೆ! ಎತ್ಕಂಡು ನಡಿ. ತೊಟ್ಲು ಮುಟ್ಬ್ಯಾಡ."

ಅವ್ವ ಇನ್ನೂ ಕೂಸಿನ ಮುಖ ನೋಡಿರಲಿಲ್ಲ. ಬಗ್ಗಿ ಒಳಲೆ ಎತ್ತಿಕೊಂಡಳು, ಅದೇ ಸೆರಗಿನಲ್ಲಿ ಗಂಟು ಹಾಕಿದಳು. ಗಂಟು ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಹಾಕಿದಳು. ನಾನು ಮಗನನ್ನು ಎದೆಗೆ ಒತ್ತಿಕೊಂಡು ಕೂತಲ್ಲೇ ಕೂತಿದ್ದೆ.

ಮಳವಳ್ಳಿಗೆ ಬಸ್ಸಿದ್ದದ್ದು ಸಂಜೆಗೆ. ಅಲ್ಲಿಯವರೆಗೆ ಎಲ್ಲಿ ಕೂತಿದ್ದಳೋ.

ನಾದಿನಿ ತೊಟ್ಟಿಲು ತೂಗಿದಳು, ಎಲೆ ಹಾಕಿದರು. ಬಾಣಂತಿಯೆಂದು ನನ್ನ ಒಬ್ಬಟ್ಟಿಗೆ ತುಪ್ಪ ಹೆಚ್ಚಾಗಿ ಸುರಿದರು. ಎರಡು ತಿಂದೆ.